ರಟ್ಟೆ ಹಿಡಿದರೆ ಸಕ್ಕರೆಯನ್ನೂ ನೋಡಿ: ಹೆಪ್ಪುಗಟ್ಟುವ ಭುಜದ ಕಾರಣ ಮತ್ತು ಚಿಕಿತ್ಸೆ

ವಿಜಯಪುರ: ಇಂಡಿಯಿಂದಲೋ ಸಿಂದಗಿಯಿಂದಲೋ ಜಿಲ್ಲಾ ಕೇಂದ್ರಕ್ಕೆ ಬರುವ ಬಸ್ಸಿನಲ್ಲಿ ಸೀಟು ಸಿಗದೆ ನಿಂತವರು ಮೇಲಿನ ಸರಳನ್ನು ಹಿಡಿಯಲೇಬೇಕು. ಬಲಗೈಯಲ್ಲಿ ಚೀಲ ಇದೆ. ಎಡಗೈ ಎತ್ತಲು ಹೋದರೆ ತೋಳು ಹೆಗಲ ಮಟ್ಟಕ್ಕೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಕೆಲವರಿಗೆ ಈ ಸಂಗತಿ ಅರಿವಿಗೆ ಬರುವುದು ಮುಂಜಾನೆ ತಲೆಗೆ ರುಮಾಲು ಸುತ್ತುವಾಗ. ಹೆಣ್ಣುಮಕ್ಕಳಿಗಾದರೆ ಕುಬಸ ತೊಡುವಾಗ, ಹೆರಳು ಹಾಕಿಕೊಳ್ಳುವಾಗ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಾಗ. ಇಂಡಿಯ ನಿಂಬೆ ತೋಟದಲ್ಲಿ ಮೇಲಿನ ಕೊಂಬೆಗೆ ಕೈ ಹಾಕಿದವರಿಗೂ, ಸಿಂದಗಿಯ ಹೊಲದಲ್ಲಿ ತೊಗರಿಯ ಹೊರೆ ಎತ್ತಲು ಹೋದವರಿಗೂ ಅದೇ ಅನುಭವ. "ರಟ್ಟಿ ಹಿಡದೈತಿ" ಎಂಬ ಎರಡು ಪದಗಳಲ್ಲಿ ಈ ಭಾಗದ ಜನ ಇದನ್ನು ಹೇಳಿ ಮುಗಿಸುತ್ತಾರೆ.

ವೈದ್ಯರು ಇದನ್ನೇ ಫ್ರೋಜನ್ ಶೋಲ್ಡರ್, ಅಂದರೆ ಹೆಪ್ಪುಗಟ್ಟಿದ ಭುಜ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುವ ಜಿಲ್ಲೆಯಲ್ಲಿ ಭುಜ ಹೆಪ್ಪುಗಟ್ಟುವುದೆಂದರೆ ನಗು ಬರಬಹುದು. ಈ ಕಾಯಿಲೆಗೂ ಚಳಿಗೂ ಸಂಬಂಧವಿಲ್ಲ. ಫ್ಯಾನಿನ ಕೆಳಗೆ ಮಲಗಿದ್ದರಿಂದಲೋ ತಣ್ಣೀರಿನಲ್ಲಿ ಮಿಂದದ್ದರಿಂದಲೋ ಇದು ಬರುವುದಿಲ್ಲ. ಸಂಬಂಧ ಇರುವುದು ಮತ್ತೊಂದು ಕಾಯಿಲೆಯೊಡನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಆ ಮತ್ತೊಂದು ಕಾಯಿಲೆ ಎಷ್ಟೋ ಜನರ ಮೈಯಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಅದು ಸಕ್ಕರೆ ಕಾಯಿಲೆ, ಅರ್ಥಾತ್ ಮಧುಮೇಹ.

ಕೀಲಿನೊಳಗೆ ನಡೆಯುವುದೇನು?

ಮನುಷ್ಯನ ದೇಹದಲ್ಲಿ ಅತ್ಯಂತ ಹೆಚ್ಚು ದಿಕ್ಕುಗಳಲ್ಲಿ ಚಲಿಸಬಲ್ಲ ಕೀಲು ಭುಜದ್ದು. ತೋಳಿನ ಮೂಳೆಯ ಗುಂಡಾದ ತಲೆ, ಹೆಗಲ ಮೂಳೆಯ ಆಳವಿಲ್ಲದ ಸಣ್ಣ ಬಟ್ಟಲಿಗೆ ಆತುಕೊಂಡಿರುತ್ತದೆ. ಬಟ್ಟಲು ಚಿಕ್ಕದು, ಚೆಂಡು ದೊಡ್ಡದು. ಇವೆರಡನ್ನೂ ಸುತ್ತುವರಿದು ಹಿಡಿದಿರುವುದು ತೆಳುವಾದ, ಸಡಿಲವಾದ ಒಂದು ಚೀಲ. ಇದನ್ನು ಸಂಧಿಕೋಶ ಎನ್ನಬಹುದು. ಕಂಕುಳಿನ ಭಾಗದಲ್ಲಿ ಈ ಚೀಲ ಮಡಿಕೆ ಮಡಿಕೆಯಾಗಿ ಜೋತುಬಿದ್ದಿರುತ್ತದೆ. ಕೈ ಮೇಲೆತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಇಳಿಸಿದಾಗ ಮತ್ತೆ ಮಡಚಿಕೊಳ್ಳುತ್ತದೆ. ಸಡಿಲವಾಗಿ ಹೊಲಿದ ಅಂಗಿಯ ಕಂಕುಳನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಂಗಿಯ ಕಂಕುಳನ್ನು ಬಿಗಿಯಾಗಿ ಹೊಲಿದುಬಿಟ್ಟರೆ ತೋಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಕೈ ಮೇಲೇಳುವುದಿಲ್ಲ.

ಹೆಪ್ಪುಗಟ್ಟುವ ಭುಜದಲ್ಲಿ ಆಗುವುದು ಇದೇ. ಮೊದಲು ಸಂಧಿಕೋಶದ ಒಳಪದರದಲ್ಲಿ ಉರಿಯೂತ ಉಂಟಾಗುತ್ತದೆ. ಅದರ ಬೆನ್ನಿಗೆ ನಾರನ್ನು ಉತ್ಪಾದಿಸುವ ಜೀವಕೋಶಗಳು ಚುರುಕಾಗಿ, ಚೀಲದ ಗೋಡೆ ದಪ್ಪವಾಗಿ ಗಾಯದ ಕಲೆಯಂತೆ ಗಡುಸಾಗುತ್ತದೆ. ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಾಮಾನ್ಯವಾಗಿ 15 ರಿಂದ 30 ಮಿಲಿಲೀಟರ್ ದ್ರವ ಹಿಡಿಸಬಲ್ಲ ಕೀಲಿನ ಚೀಲ ತೀವ್ರ ಪ್ರಕರಣಗಳಲ್ಲಿ 5 ಮಿಲಿಲೀಟರ್‌ಗೆ ಕುಗ್ಗಿರುವುದುಂಟು. ಭುಜದ ಮುಂಭಾಗದಲ್ಲಿರುವ ಒಂದು ಮುಖ್ಯ ಕಟ್ಟು ಎಲ್ಲಕ್ಕಿಂತ ಮೊದಲು ಬಿಗಿಯುವುದರಿಂದ, ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆ ಮೊದಲಿಗೇ ನಷ್ಟವಾಗುತ್ತದೆ. ರೋಗಿಗಳು ಹೇಳುವುದು "ಕೈ ಮೇಲೇಳುತ್ತಿಲ್ಲ" ಎಂದು. ಅನುಭವಿ ವೈದ್ಯರು ಮೊದಲು ಪರೀಕ್ಷಿಸುವುದು ಕೈ ಹೊರಕ್ಕೆ ತಿರುಗುತ್ತದೆಯೇ ಎಂಬುದನ್ನು.

ಈ ತೊಂದರೆಯನ್ನು 1872ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ದ್ಯೂಪ್ಲೆ ವಿವರಿಸಿದರು. ಫ್ರೋಜನ್ ಶೋಲ್ಡರ್ ಎಂಬ ಹೆಸರು ಬಳಕೆಗೆ ಬಂದದ್ದು 1934ರಲ್ಲಿ, ಅಮೆರಿಕದ ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಅವರಿಂದ. ಕೀಲಿನ ಚೀಲವೇ ಅಂಟಿಕೊಂಡು ಬಿಗಿಯುತ್ತದೆ ಎಂಬುದನ್ನು ಗುರುತಿಸಿ, ಅಡ್ಹೀಸಿವ್ ಕ್ಯಾಪ್ಸುಲೈಟಿಸ್ ಎಂಬ ಶಾಸ್ತ್ರೀಯ ಹೆಸರನ್ನು 1945ರಲ್ಲಿ ನೆವಿಯಾಸರ್ ಕೊಟ್ಟರು. ಜಪಾನಿನಲ್ಲಿ ಇದನ್ನು 'ಐವತ್ತರ ಭುಜ' ಎಂದೇ ಕರೆಯುತ್ತಾರೆ. 40 ರಿಂದ 60ರ ವಯಸ್ಸಿನವರಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವ ಕಾರಣ ಹೆಸರು ಒಪ್ಪುವಂತಿದೆ. ನಮ್ಮಲ್ಲಿ ಸುಶ್ರುತ ಸಂಹಿತೆ ವಾತವ್ಯಾಧಿಗಳ ನಡುವೆ 'ಅವಬಾಹುಕ' ಎಂಬ ಭುಜದ ರೋಗವನ್ನು ಹೆಸರಿಸಿದೆ. ಹಳ್ಳಿಯ ಹಿರಿಯರು "ವಾಯು ಹಿಡಿದಿದೆ" ಎನ್ನುವುದರ ಹಿಂದೆ ಆ ಪರಂಪರೆಯ ನೆರಳು ಇರಲಿಕ್ಕೂ ಸಾಕು.

ಮೂರು ಹಂತ, ಎರಡು ವರ್ಷ

ಕಾಯಿಲೆ ಮೂರು ಹಂತಗಳಲ್ಲಿ ಸಾಗುತ್ತದೆ. ಇವುಗಳ ನಡುವೆ ಗೆರೆ ಕೊರೆದಂತಹ ಗಡಿಯಿಲ್ಲವಾದರೂ, ಯಾವ ಹಂತದಲ್ಲಿ ಯಾವ ಚಿಕಿತ್ಸೆ ಎಂಬುದು ಇದನ್ನೇ ಅವಲಂಬಿಸಿರುವುದರಿಂದ ತಿಳಿದುಕೊಳ್ಳುವುದು ಅವಶ್ಯ.

ಮೊದಲನೆಯದು ನೋವಿನ ಹಂತ. ಎರಡರಿಂದ ಒಂಬತ್ತು ತಿಂಗಳವರೆಗೆ ಇರಬಹುದು. ಭುಜದಲ್ಲಿ ಆರಂಭವಾದ ನೋವು ತೋಳಿನ ಹೊರಭಾಗದಲ್ಲಿ ಮೊಣಕೈವರೆಗೂ ಇಳಿಯುತ್ತದೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದೊಡನೆ ಎಚ್ಚರವಾಗುತ್ತದೆ. ಯಾರಾದರೂ ಅಚಾನಕ್ ತೋಳು ಎಳೆದರೆ, ಜಾರುವ ಪಾತ್ರೆಯನ್ನು ಥಟ್ಟನೆ ಹಿಡಿಯಲು ಕೈ ಚಾಚಿದರೆ ಕಣ್ಣಿಗೆ ಕತ್ತಲೆ ಕವಿಯುವಂತಹ ನೋವು. ಈ ದಿನಗಳಲ್ಲಿ ನಿದ್ರೆಯಿಲ್ಲದ ಸಂಕಟವೇ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆ.

ಎರಡನೆಯದು ಬಿಗಿತದ ಹಂತ. ನಾಲ್ಕರಿಂದ ಹನ್ನೆರಡು ತಿಂಗಳು. ನೋವು ನಿಧಾನವಾಗಿ ಇಳಿಯುತ್ತದೆ, ಬಿಗಿತ ಉಳಿಯುತ್ತದೆ. ಈ ಹಂತದ ಒಂದು ವಿಚಿತ್ರವನ್ನು ಗಮನಿಸಬೇಕು. ಜೋಳದ ರೊಟ್ಟಿ ಬಡಿಯಲು ತೋಳನ್ನು ಹೆಗಲಿನಿಂದ ಮೇಲೆತ್ತಬೇಕಾಗಿಲ್ಲ. ಎದೆಯ ಮುಂದೆ, ಮೊಣಕೈ ಮಡಚಿ ಮಾಡುವ ಕೆಲಸ ಅದು. ಹೀಗಾಗಿ ಭುಜ ಪೂರ್ತಿ ಬಿಗಿದಿದ್ದರೂ ಹೆಣ್ಣುಮಗಳು ದಿನಕ್ಕೆ ಹತ್ತಿಪ್ಪತ್ತು ರೊಟ್ಟಿ ಬಡಿಯುತ್ತಲೇ ಇರುತ್ತಾಳೆ. ಮನೆಯವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗೋಡೆಯ ಮಾಡದಲ್ಲಿಟ್ಟ ಡಬ್ಬಿಯನ್ನು ಅವಳು ಮಗನಿಂದ ತೆಗೆಸಿಕೊಳ್ಳುವುದು, ಹೆರಳನ್ನು ಮಗಳಿಂದ ಹಾಕಿಸಿಕೊಳ್ಳುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಚಿಕಿತ್ಸೆ ತಡವಾಗುವುದಕ್ಕೆ ಬಡತನ, ದೂರ ಎಂಬ ಕಾರಣಗಳ ಜೊತೆಗೆ ಇದನ್ನೂ ಸೇರಿಸಬೇಕು.

ಮೂರನೆಯದು ಸಡಿಲಗೊಳ್ಳುವ ಹಂತ. ಐದು ತಿಂಗಳಿನಿಂದ ಎರಡು ವರ್ಷಗಳವರೆಗೂ ಎಳೆಯಬಹುದು. ಚಲನೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ಒಟ್ಟಿನಲ್ಲಿ ಆರಂಭದಿಂದ ಕೊನೆಯವರೆಗೆ ಒಂದರಿಂದ ಮೂರು ವರ್ಷ. ಬಹುತೇಕರು ಚೇತರಿಸಿಕೊಳ್ಳುತ್ತಾರೆ ಎಂಬುದು ನಿಜ. ಎಲ್ಲರೂ ಸಂಪೂರ್ಣ ಗುಣವಾಗುತ್ತಾರೆ ಎಂಬ ಹಳೆಯ ನಂಬಿಕೆ ಮಾತ್ರ ಸಡಿಲವಾಗಿದೆ. ವರ್ಷಗಳ ನಂತರವೂ ಸಣ್ಣ ನೋವು ಅಥವಾ ಸ್ವಲ್ಪ ಬಿಗಿತ ಹಲವರಲ್ಲಿ ಉಳಿದಿರುವುದನ್ನು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಮಧುಮೇಹಿಗಳಲ್ಲಿ ಇದು ಇನ್ನೂ ಹೆಚ್ಚು.

ಸಕ್ಕರೆಯ ಪಾತ್ರ

ಸಾಮಾನ್ಯ ಜನರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಜೀವನದಲ್ಲಿ ಒಮ್ಮೆ ಭುಜ ಹೆಪ್ಪುಗಟ್ಟುತ್ತದೆ ಎಂಬುದು ಪಠ್ಯಪುಸ್ತಕಗಳ ಅಂದಾಜು. ಮಧುಮೇಹಿಗಳಲ್ಲಿ ಈ ಪ್ರಮಾಣ ಬಹಳ ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಮಧುಮೇಹಿಗಳಿಗೆ ಈ ತೊಂದರೆ ಬರುವ ಸಂಭವ ಇತರರಿಗಿಂತ ಸುಮಾರು ಐದು ಪಟ್ಟು. ಅದೇ ವಿಶ್ಲೇಷಣೆಯ ಇನ್ನೊಂದು ಅಂಶ ಇಲ್ಲಿಗೆ ಹೆಚ್ಚು ಪ್ರಸ್ತುತ: ಭುಜ ಹೆಪ್ಪುಗಟ್ಟಿದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಮಧುಮೇಹವಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ, 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ಸಂಖ್ಯೆಯಲ್ಲಿ ಹೇಳುವುದಾದರೆ ಸುಮಾರು 10.1 ಕೋಟಿ. ಮಧುಮೇಹದ ಅಂಚಿನಲ್ಲಿ ನಿಂತವರು ಇನ್ನೂ ಹೆಚ್ಚು. ಹೊಲದಲ್ಲಿ ದುಡಿಯುವವರಿಗೆ, ಜೋಳದ ರೊಟ್ಟಿ ತಿನ್ನುವವರಿಗೆ ಸಕ್ಕರೆ ಕಾಯಿಲೆ ಬಾರದು ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಈಗಲೂ ಕೇಳಿಬರುತ್ತದೆ. ಬೆವರು ಸುರಿಸುವ ದುಡಿಮೆ ಮತ್ತು ನಾರಿನಂಶದ ಧಾನ್ಯ ಒಳ್ಳೆಯವೇ; ಆದರೆ ಅವು ಕವಚವಲ್ಲ. ಹಳ್ಳಿಯ ಬದುಕಿನಲ್ಲಿಯೂ ದುಡಿಮೆಯ ರೀತಿ ಬದಲಾಗಿದೆ, ತಟ್ಟೆಯಲ್ಲಿನ ಅನ್ನದ ಪಾಲು ಬೆಳೆದಿದೆ, ಚಹಾದ ಲೋಟಗಳಿಗೆ ಲೆಕ್ಕವಿಲ್ಲ.

ರಕ್ತದಲ್ಲಿನ ಸಕ್ಕರೆ ಭುಜವನ್ನು ಹೇಗೆ ಬಿಗಿಯುತ್ತದೆ? ದೇಹದ ಚರ್ಮ, ಕೀಲಿನ ಚೀಲ, ಸ್ನಾಯುರಜ್ಜು ಎಲ್ಲಕ್ಕೂ ಆಧಾರವಾಗಿರುವುದು ಕೊಲಾಜೆನ್ ಎಂಬ ನಾರಿನ ಪ್ರೋಟೀನು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಅದು ಈ ಎಳೆಗಳಿಗೆ ಅಂಟಿಕೊಂಡು, ಒಂದು ಎಳೆಯನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತದೆ. ಹಗ್ಗದ ಎಳೆಗಳ ನಡುವೆ ಬೆಲ್ಲದ ಪಾಕ ಸುರಿದು ಒಣಗಿಸಿದಂತೆ. ಹಗ್ಗ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ.

ಇದೇ ಬಿಗಿತ ಬೆರಳುಗಳಲ್ಲಿಯೂ ಕಾಣಿಸುತ್ತದೆ. "ಶರಣು ಶರಣಾರ್ಥಿ" ಎಂದು ಕೈ ಮುಗಿಯುವುದು ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ಕಡೆ ನಿತ್ಯದ ರೂಢಿ. ಹಾಗೆ ಕೈ ಮುಗಿದಾಗ ಎರಡೂ ಅಂಗೈಗಳು, ಎಲ್ಲ ಬೆರಳುಗಳು ಸಂದಿಯಿಲ್ಲದೆ ಕೂಡಬೇಕು. ಬಹುಕಾಲದ ಮಧುಮೇಹದಲ್ಲಿ ಬೆರಳುಗಳ ಕೀಲುಗಳು ಬಿಗಿದು, ಅಂಗೈಗಳ ನಡುವೆ ಸಂದಿ ಉಳಿದುಬಿಡುತ್ತದೆ. ವೈದ್ಯರು ಇದನ್ನು 'ಪ್ರಾರ್ಥನೆಯ ಲಕ್ಷಣ' ಎಂದು ಕರೆದು ಪರೀಕ್ಷೆಯಲ್ಲಿ ಬಳಸುತ್ತಾರೆ. ಭುಜ ಬಿಗಿದವರು ಮನೆಯಲ್ಲಿಯೇ ಕೈ ಮುಗಿದು ನೋಡಿಕೊಳ್ಳಬಹುದು. ಸಂದಿ ಕಂಡರೆ ರಕ್ತಪರೀಕ್ಷೆ ತಡಮಾಡಬಾರದು. ಕಾಣದಿದ್ದರೂ ಪರೀಕ್ಷೆಯನ್ನು ಬಿಡುವಂತಿಲ್ಲ.

ಪರೀಕ್ಷೆ ದುಬಾರಿಯಲ್ಲ. ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 6.5 ಮುಟ್ಟಿದ್ದರೆ, ಅದು ಮಧುಮೇಹದ ಮಟ್ಟ. ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಥೈರಾಯ್ಡ್ ಗ್ರಂಥಿಯ ದೋಷವಿರುವವರಲ್ಲಿಯೂ ಭುಜ ಹೆಪ್ಪುಗಟ್ಟುವುದು ಹೆಚ್ಚಾದ್ದರಿಂದ, ವಿಶೇಷವಾಗಿ ಮಧ್ಯವಯಸ್ಸಿನ ಮಹಿಳೆಯರಲ್ಲಿ ಅದನ್ನೂ ಒಮ್ಮೆ ನೋಡುವುದು ಯುಕ್ತ.

ಎಲ್ಲ ಭುಜನೋವೂ ಇದಲ್ಲ

ಭುಜ ನೋಯಿಸುವ ಬೇರೆ ಕಾರಣಗಳೂ ಇವೆ. ಗುರುತಿಸುವ ಒಂದು ಸರಳ ಸೂತ್ರವಿದೆ. ಹೆಪ್ಪುಗಟ್ಟಿದ ಭುಜವನ್ನು ರೋಗಿಯೂ ಎತ್ತಲಾರ, ಇನ್ನೊಬ್ಬರು ಹಿಡಿದು ಎತ್ತಿದರೂ ಅದು ಏಳದು. ಹರಿದಿರುವುದು ಸ್ನಾಯುರಜ್ಜುವಾದರೆ ರೋಗಿಗೆ ತಾನಾಗಿ ಎತ್ತಲು ಆಗುವುದಿಲ್ಲ, ಇನ್ನೊಬ್ಬರು ನಿಧಾನವಾಗಿ ಎತ್ತಿದರೆ ಕೈ ಮೇಲಕ್ಕೆ ಹೋಗುತ್ತದೆ. ನೋವು ಕುತ್ತಿಗೆಯಿಂದ ಇಳಿದು ಬೆರಳುಗಳಲ್ಲಿ ಜುಮುಗುಟ್ಟುತ್ತಿದ್ದರೆ ಸಮಸ್ಯೆ ಕುತ್ತಿಗೆಯ ಮೂಳೆಗಳ ನಡುವಿನ ನರದ್ದಾಗಿರಬಹುದು.

ಎಡಭುಜದ ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರು, ಉಸಿರಾಟದ ತೊಂದರೆ ಕಂಡರೆ ಭುಜದ ಚಿಂತೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಧಾವಿಸಬೇಕು, ಅದು ಹೃದಯಾಘಾತವಿರಬಹುದು. ಜ್ವರ, ತೂಕ ಇಳಿಯುವಿಕೆ, ಭುಜದ ಸ್ನಾಯುಗಳು ಬೇಗನೆ ಸೊರಗುವುದು ಇವು ಕ್ಷಯರೋಗ ಭುಜದ ಕೀಲಿಗೆ ತಗುಲಿದ್ದರೂ ಕಾಣಬಹುದಾದ ಚಿಹ್ನೆಗಳು. ನಮ್ಮ ದೇಶದಲ್ಲಿ ಈ ಸಾಧ್ಯತೆಯನ್ನು ಮರೆಯುವಂತಿಲ್ಲ. ವಿದ್ಯುತ್ ಆಘಾತ ಅಥವಾ ಮೂರ್ಛೆರೋಗದ ಸೆಳೆತದ ಬಳಿಕ ಭುಜ ಬಿಗಿದಿದ್ದರೆ ಕೀಲು ಹಿಂದಕ್ಕೆ ತಪ್ಪಿರಬಹುದು. ಪಂಪ್‌ಸೆಟ್ಟಿನ ಬಳಿ ಕರೆಂಟು ಹೊಡೆಸಿಕೊಂಡ ರೈತರ ವಿಷಯದಲ್ಲಿ ಇದನ್ನು ನೆನಪಿಡಬೇಕು. ಹಾಗಾಗಿ ಒಂದು ಎಕ್ಸ್-ರೇ ಅವಶ್ಯ. ಹೆಪ್ಪುಗಟ್ಟಿದ ಭುಜದ ಎಕ್ಸ್-ರೇ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಅದನ್ನು ತೆಗೆಸುವುದು ಬೇರೆ ರೋಗ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಸಾವಿರಾರು ರೂಪಾಯಿಯ ಎಂಆರ್‌ಐ ಎಲ್ಲರಿಗೂ ಬೇಕಾಗುವುದಿಲ್ಲ. ವೈದ್ಯರ ಕೈ ಹೇಳುವಷ್ಟನ್ನು ಯಂತ್ರ ಹೇಳುವುದು ಅಪರೂಪ.

ಚಿಕಿತ್ಸೆ: ಹಂತ ನೋಡಿ ಮದ್ದು

ನೋವಿನ ಹಂತದಲ್ಲಿ ಗುರಿ ಒಂದೇ, ನೋವು ತಗ್ಗಿಸಿ ನಿದ್ರೆ ತರಿಸುವುದು. ನೋವುನಿವಾರಕ ಮಾತ್ರೆಗಳು ಉಪಯುಕ್ತ. ಆದರೆ ತಿಂಗಳುಗಟ್ಟಲೆ ಔಷಧ ಅಂಗಡಿಯಿಂದ ತಾವೇ ಕೊಂಡು ನುಂಗುವುದು ಅಪಾಯಕಾರಿ. ಮಧುಮೇಹದಿಂದ ಮೊದಲೇ ದಣಿದಿರುವ ಮೂತ್ರಪಿಂಡಗಳನ್ನು ಈ ಮಾತ್ರೆಗಳು ಮತ್ತಷ್ಟು ಕೆಡಿಸಬಲ್ಲವು. ಹೊಟ್ಟೆಹುಣ್ಣು, ರಕ್ತದೊತ್ತಡದ ಸಮಸ್ಯೆಯೂ ಬೇರೆ.

ಈ ಹಂತದಲ್ಲಿ ಹೆಚ್ಚು ಫಲ ಕೊಡುವುದು ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು. ಉರಿಯೂತವನ್ನು ಅದು ತಗ್ಗಿಸುತ್ತದೆ. ಮೊದಲ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನೋವು ಗಣನೀಯವಾಗಿ ಇಳಿಯುತ್ತದೆ. ರೋಗ ಆರಂಭವಾದ ಮೊದಲ ತಿಂಗಳುಗಳಲ್ಲಿ ಕೊಟ್ಟರೆ ಲಾಭ ಜಾಸ್ತಿ. ಸ್ಟಿರಾಯ್ಡ್ ಎಂದೊಡನೆ ಹೆದರುವವರಿದ್ದಾರೆ. ಪರಿಣತರು ಒಂದೆರಡು ಸಲ ಕೀಲಿನೊಳಗೆ ಕೊಡುವುದಕ್ಕೂ, ಅರ್ಹತೆಯಿಲ್ಲದವರು ಸೊಂಟಕ್ಕೆ ಪದೇ ಪದೇ ಚುಚ್ಚುವುದಕ್ಕೂ ಬಹಳ ಅಂತರವಿದೆ. ಮಧುಮೇಹಿಗಳಲ್ಲಿ ಚುಚ್ಚುಮದ್ದಿನ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಮುಂಚಿತವಾಗಿ ವೈದ್ಯರಿಗೆ ತಿಳಿಸಿ, ಆ ವಾರ ಸಕ್ಕರೆಯನ್ನು ಆಗಾಗ ಪರೀಕ್ಷಿಸಿಕೊಂಡರೆ ಗಾಬರಿಪಡುವ ಕಾರಣವಿಲ್ಲ. ತಮಗೆ ಮಧುಮೇಹವಿದೆ ಎಂದೇ ಗೊತ್ತಿಲ್ಲದವರ ಗತಿ ಏನು ಎಂಬುದನ್ನು ಯೋಚಿಸಿದರೆ, ಸೂಜಿಗೂ ಮೊದಲು ರಕ್ತಪರೀಕ್ಷೆ ಏಕೆ ಬೇಕೆಂಬುದು ಸ್ಪಷ್ಟವಾಗುತ್ತದೆ.

ವ್ಯಾಯಾಮದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಒಂದು ವರ್ಗ ಕೈಯನ್ನು ಜೋಳಿಗೆಯಲ್ಲಿಟ್ಟು ಅಲುಗಾಡಿಸುವುದೇ ಇಲ್ಲ. ಇನ್ನೊಂದು ವರ್ಗ ಹಲ್ಲು ಕಚ್ಚಿ ಎಳೆದು ಹಿಗ್ಗಿಸಲು ಹೋಗುತ್ತದೆ. ಎರಡರಿಂದಲೂ ಹಾನಿ. ನೆದರ್ಲೆಂಡ್ಸ್‌ನಲ್ಲಿ 77 ರೋಗಿಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೋವಿನ ಮಿತಿಯೊಳಗೆ ಮೃದುವಾಗಿ ಕೈ ಆಡಿಸಿದವರ ಪೈಕಿ ಶೇ 89ರಷ್ಟು ಜನ ಎರಡು ವರ್ಷಗಳ ಕೊನೆಗೆ ಬಹುಮಟ್ಟಿಗೆ ಸಹಜ ಸ್ಥಿತಿಗೆ ಬಂದರು. ನೋವು ಮೀರಿ ತೀವ್ರ ಎಳೆತದ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 63 ಮಾತ್ರ. ಉರಿಯುತ್ತಿರುವ ಕೀಲನ್ನು ಜಗ್ಗುವುದು ಉರಿಗೆ ಗಾಳಿ ಹಾಕಿದಂತೆ.

ಮೃದು ವ್ಯಾಯಾಮಕ್ಕೆ ಮನೆಯಲ್ಲಿರುವ ವಸ್ತುಗಳೇ ಸಾಕು. ಒಳ್ಳೆಯ ಕೈಯನ್ನು ಮೇಜಿನ ಅಥವಾ ಕಟ್ಟೆಯ ಮೇಲೆ ಊರಿ, ಮುಂದಕ್ಕೆ ಬಾಗಿ, ನೋಯುವ ತೋಳನ್ನು ಸಡಿಲವಾಗಿ ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗಬೇಕು. ಬಳಿಕ ಸಣ್ಣ ವೃತ್ತ ಬರೆಯಬೇಕು. ಇದು ಕಾಡ್‌ಮನ್ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾದ ವ್ಯಾಯಾಮ. ನೋವಿನ ಹಂತದಲ್ಲಿಯೂ ಮಾಡಬಹುದು. ನೋವು ಇಳಿದ ನಂತರ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲಕ್ಕೆ ಹತ್ತಿಸುವುದು. ಇಂದು ಮುಟ್ಟಿದ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕಿದರೆ ವಾರದ ಪ್ರಗತಿ ಕಣ್ಣಿಗೇ ಕಾಣುತ್ತದೆ. ಅಂಗಾತ ಮಲಗಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡೂ ಕೈಗಳಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ನಿಧಾನವಾಗಿ ತಳ್ಳುವುದು ಇನ್ನೊಂದು. ಬೆನ್ನ ಹಿಂದೆ ಟವೆಲ್ ಹಿಡಿದು, ಮೇಲಿನ ಕೈಯಿಂದ ಕೆಳಗಿನ ಕೈಯನ್ನು ಎಳೆಯುವುದು ಕೊನೆಗೆ ಬರಬೇಕಾದದ್ದು. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಐದು ಹತ್ತು ನಿಮಿಷ. ಮುಗಿಸಿದ ಸ್ವಲ್ಪ ಹೊತ್ತಿನಲ್ಲಿ ನೋವು ತಣಿದರೆ ಸರಿ. ಆ ರಾತ್ರಿಯ ನಿದ್ರೆ ಕೆಟ್ಟರೆ ಮಾಡಿದ್ದು ಅತಿಯಾಯಿತೆಂದು ಅರ್ಥ.

ವ್ಯಾಯಾಮಕ್ಕೆ ಮುಂಚೆ ಬಿಸಿನೀರಿನ ಶಾಖ ಹಿತ. ಆದರೆ ಬಹುಕಾಲದ ಮಧುಮೇಹದಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರು ಶಾಖ ಎಷ್ಟಿದೆಯೆಂದು ಬೇರೆಯವರ ಕೈಯಿಂದ ಪರೀಕ್ಷಿಸಿ ನೋಡಬೇಕು. ಸುಟ್ಟದ್ದು ತಿಳಿಯುವುದೇ ಬೊಬ್ಬೆ ಎದ್ದಮೇಲೆ. ಮಲಗುವಾಗ ಒಳ್ಳೆಯ ಮಗ್ಗುಲಿಗೆ ಹೊರಳಿ, ನೋಯುವ ತೋಳನ್ನು ಎದೆಯ ಮುಂದಿನ ದಿಂಬಿನ ಮೇಲಿಟ್ಟರೆ ಅರ್ಧ ನೋವು ಇಳಿಯುತ್ತದೆ. ಅಂಗಿ, ಕುಬಸ ತೊಡುವಾಗ ನೋಯುವ ತೋಳು ಮೊದಲು, ತೆಗೆಯುವಾಗ ಕೊನೆಗೆ.

ಆರು ತಿಂಗಳಿಗೂ ಮಿಕ್ಕಿ ಇಷ್ಟೆಲ್ಲ ಮಾಡಿಯೂ ಭುಜ ಸಡಿಲಗೊಳ್ಳದಿದ್ದರೆ ಮುಂದಿನ ದಾರಿಗಳಿವೆ. ಕೀಲಿನೊಳಗೆ ಲವಣದ್ರವವನ್ನು ಒತ್ತಡದಿಂದ ತುಂಬಿ ಚೀಲವನ್ನು ಹಿಗ್ಗಿಸುವುದು. ಅರಿವಳಿಕೆ ಕೊಟ್ಟು ವೈದ್ಯರು ತಾವೇ ತೋಳನ್ನು ಹಂತಹಂತವಾಗಿ ತಿರುಗಿಸಿ ಅಂಟು ಬಿಡಿಸುವುದು. ಸಣ್ಣ ರಂಧ್ರದ ಮೂಲಕ ದೂರ್ಬೀನು ತೂರಿಸಿ ಬಿಗಿದ ಚೀಲವನ್ನು ಕತ್ತರಿಸುವುದು. ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಕೊನೆಯ ಎರಡು ವಿಧಾನಗಳನ್ನು, ಸ್ಟಿರಾಯ್ಡ್ ಚುಚ್ಚುಮದ್ದಿನೊಡನೆ ಕ್ರಮಬದ್ಧ ಫಿಜಿಯೋಥೆರಪಿಯ ಜೊತೆ ಹೋಲಿಸಿ ನೋಡಿತು. ಒಂದು ವರ್ಷದ ಕೊನೆಗೆ ಮೂರರಲ್ಲಿ ಯಾವುದೂ ಉಳಿದೆರಡಕ್ಕಿಂತ ಹೇಳಿಕೊಳ್ಳುವಷ್ಟು ಮೇಲೆಂದು ಸಾಬೀತಾಗಲಿಲ್ಲ. ಗಂಭೀರ ತೊಡಕುಗಳು ದೂರ್ಬೀನು ಶಸ್ತ್ರಚಿಕಿತ್ಸೆಯಲ್ಲಿ ತುಸು ಹೆಚ್ಚಾಗಿದ್ದವು.

ಈ ಫಲಿತಾಂಶ ವಿಜಯಪುರದಂತಹ ಜಿಲ್ಲೆಗೆ ಸಮಾಧಾನದ ಸುದ್ದಿ. ಈ ನಾಲ್ಕು ಪಟ್ಟಣಗಳಿಂದ ವಿಜಯಪುರ ಸುಮಾರು 45 ರಿಂದ 80 ಕಿಲೋಮೀಟರ್ ದೂರದಲ್ಲಿದೆ. ಜಿಲ್ಲಾ ಆಸ್ಪತ್ರೆಯೂ ಎರಡು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಅಲ್ಲಿವೆ. ಇಂಡಿಯ ಕಡೆಯವರು ಸೋಲಾಪುರಕ್ಕೆ, ಸಿಂದಗಿಯವರು ಕಲಬುರಗಿಗೆ ಹೋಗುವ ವಾಡಿಕೆಯೂ ಇದೆ. ವಾರಕ್ಕೆ ಮೂರು ಸಲ ಫಿಜಿಯೋಥೆರಪಿಗೆಂದು ಇಷ್ಟು ದೂರ ಓಡಾಡುವುದು ಕೂಲಿ ಬಿಟ್ಟು ಬರುವವರಿಂದ ಆಗದ ಮಾತು. ಆಗಬೇಕಾದದ್ದು ಬೇರೆ: ಒಂದು ಸಲ ಹೋಗಿ ರೋಗನಿರ್ಣಯ ಮಾಡಿಸಿ, ವ್ಯಾಯಾಮವನ್ನು ಕಣ್ಣಾರೆ ನೋಡಿ ಕಲಿತು, ಮನೆಯಲ್ಲಿ ದಿನವೂ ಮಾಡಿ, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ತೋರಿಸಿ ಬರುವುದು. ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೊ ಮಾಡಿಕೊಳ್ಳಲು ಅನುಮತಿ ಕೇಳಿದರೆ ಹೆಚ್ಚಿನ ಫಿಜಿಯೋಥೆರಪಿಸ್ಟರು ಬೇಡವೆನ್ನುವುದಿಲ್ಲ.

ಉಳುಕು ತೆಗೆಯುವವರ ಕೈಯಲ್ಲಿ

ಭುಜ ಬಿಗಿದಾಗ ಮೊದಲ ಭೇಟಿ ಆಸ್ಪತ್ರೆಗಲ್ಲ, ಉಳುಕು ತೆಗೆಯುವವರ ಮನೆಗೆ. ಎಣ್ಣೆ ಹಚ್ಚಿ ಹಗುರವಾಗಿ ನೀವುವುದರಿಂದ ಹಾನಿಯಿಲ್ಲ. ಸ್ನಾಯುಗಳಿಗೆ ಹಿತವೂ ಹೌದು. ಆದರೆ ಕಂಕುಳಲ್ಲಿ ಕಾಲಿಟ್ಟು ತೋಳನ್ನು ಜಗ್ಗುವುದು, "ಕಟಕ್" ಎಂಬ ಸದ್ದು ಬರುವವರೆಗೆ ತಿರುವುವುದು ಅಪಾಯ. ಮುಟ್ಟು ನಿಂತ ಮಹಿಳೆಯರಲ್ಲಿ, ವೃದ್ಧರಲ್ಲಿ ಮೂಳೆ ಮೊದಲೇ ಟೊಳ್ಳಾಗಿರುತ್ತದೆ. ಬಿಗಿದ ಚೀಲಕ್ಕಿಂತ ಮುಂಚೆ ತೋಳಿನ ಮೂಳೆಯೇ ಮುರಿಯಬಹುದು. ಇದೇ ಭಯದಿಂದ ಆಸ್ಪತ್ರೆಯಲ್ಲಿಯೂ ಅರಿವಳಿಕೆಯಡಿ ತೋಳು ತಿರುಗಿಸುವಾಗ ಟೊಳ್ಳು ಮೂಳೆಯವರನ್ನು ಬಹಳ ಎಚ್ಚರದಿಂದ ಆರಿಸುತ್ತಾರೆ. ಭುಜಕ್ಕೆ ಬರೆ ಹಾಕಿಸುವುದಂತೂ ಮಧುಮೇಹಿಗೆ ಮಾಯದ ಗಾಯವನ್ನು ದುಡ್ಡು ಕೊಟ್ಟು ತಂದುಕೊಂಡಂತೆ.

ಭುಜ ಬಿಗಿಯಲು ಇನ್ನೊಂದು ಮುಖ್ಯ ಕಾರಣ ತೋಳನ್ನು ಬಹುದಿನ ಅಲುಗಾಡಿಸದಿರುವುದು. ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು ಆರು ವಾರ ಇಡೀ ತೋಳನ್ನು ಕೊರಳಿಗೆ ಕಟ್ಟಿಕೊಂಡು ಕೂರುತ್ತಾರೆ. ಮಣಿಕಟ್ಟು ಕೂಡಿದಾಗ ಭುಜ ಹಿಡಿದಿರುತ್ತದೆ. ಪಾರ್ಶ್ವವಾಯು ಬಡಿದವರು, ಹೃದಯದ ಶಸ್ತ್ರಚಿಕಿತ್ಸೆ ಅಥವಾ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆದವರಿಗೂ ಈ ಅಪಾಯವುಂಟು. ಭುಜವನ್ನು ಯಾವಾಗಿನಿಂದ, ಎಷ್ಟು ಆಡಿಸಬಹುದು ಎಂದು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಕೇಳಿ ತಿಳಿಯುವುದು ಒಳಿತು.

ದುಡಿಮೆಗೆಂದು ಪುಣೆ, ಮುಂಬೈ, ಗೋವಾ, ಬೆಂಗಳೂರು ಸೇರಿದ ಮಕ್ಕಳು ಈ ನಾಲ್ಕೂ ತಾಲ್ಲೂಕುಗಳ ಮನೆಗಳಲ್ಲಿದ್ದಾರೆ. ಅವರಿಗೆ ಊರಿನಿಂದ ಫೋನಿನಲ್ಲಿ ಕೇಳಿಬರುವ "ರಟ್ಟಿ ಹಿಡದೈತಿ, ಏನಿಲ್ಲ ಬಿಡು" ಎಂಬ ಮಾತಿಗೆ ನೋವಿನ ಎಣ್ಣೆಯ ಬಾಟಲಿ ಕಳಿಸುವುದು ಸಾಮಾನ್ಯ ಉತ್ತರ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. "ಅವ್ವಾ, ಕೈ ಹೊರಗ ತಿರಗತೈತೇನು?" ಎಂಬುದೊಂದು, "ಸಕ್ಕರಿ ಯಾವಾಗ ತಪಾಸಣಿ ಮಾಡಿಸಿದ್ದಿ?" ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಗೆ ಉತ್ತರ "ಎಂದೂ ಇಲ್ಲ" ಎಂದಿರುವ ಮನೆಗಳು ಕಡಿಮೆಯಿಲ್ಲ.

ಒಮ್ಮೆ ಗುಣವಾದ ಭುಜ ಮತ್ತೆ ಹೆಪ್ಪುಗಟ್ಟುವುದು ಅಪರೂಪ. ಆದರೆ ಐದಾರು ಜನರಲ್ಲಿ ಒಬ್ಬರಿಗಾದರೂ ಮುಂದಿನ ಕೆಲವು ವರ್ಷಗಳಲ್ಲಿ ಇನ್ನೊಂದು ಭುಜ ಹಿಡಿಯುವುದುಂಟು. ಮಧುಮೇಹಿಗಳಲ್ಲಿ ಎರಡೂ ಭುಜಗಳು ಬಿಗಿಯುವ ಸಂಭವ ಹೆಚ್ಚು. ಆದ್ದರಿಂದ ಕೋಲು ಹಿಡಿದು, ಗೋಡೆ ಹತ್ತಿಸಿ ಮಾಡುವ ಅದೇ ವ್ಯಾಯಾಮವನ್ನು ಒಳ್ಳೆಯ ಭುಜಕ್ಕೂ ಮಾಡಿಸುವಂತೆ ಫಿಜಿಯೋಥೆರಪಿಸ್ಟರು ಹೇಳುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎರಡು ಸಾಲಿನಲ್ಲಿ ಇರಲಿ, ಎಡಗೈಗೆ ಒಂದು, ಬಲಗೈಗೆ ಒಂದು.